ಬಡಾವಣೆಯ ಉದ್ಯಾನವನದಲ್ಲಿ ಗಿಡ ನೆಡುವುದು ಮತ್ತು ಪೋಷಿಸುವುದು: ಸ್ವಯಂಸೇವಕರಿಗೆ ಮಾಹಿತಿ

ಪೀಠಿಕೆ

ನಗರದ ಉದ್ಯಾನವನಗಳಲ್ಲಿ ಗಿಡ ನೆಡಲು ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳು, ಶಾಲಾ ಕಾಲೇಜುಗಳು, ಯುವಕ ಸಂಘಗಳು ಹಾಗೂ ಕಚೇರಿ ನೌಕರರು ಪ್ರತಿ ವರ್ಷವೂ ಮುಂದೆ ಬರುತ್ತಾರೆ. ಜೂನ್ 5ರ ವಿಶ್ವ ಪರಿಸರ ದಿನದಿಂದ ಜುಲೈ ಮೊದಲ ವಾರದ ವನಮಹೋತ್ಸವದವರೆಗೆ ಇಂತಹ ಕಾರ್ಯಕ್ರಮಗಳು ಹೆಚ್ಚಾಗಿ ನಡೆಯುತ್ತವೆ. ವನಮಹೋತ್ಸವವು 1950ರಲ್ಲಿ ಅಂದಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿ ಅವರ ನೇತೃತ್ವದಲ್ಲಿ ಆರಂಭವಾಯಿತು. ಮಳೆಗಾಲದ ಆರಂಭದಲ್ಲಿ ನೆಟ್ಟ ಸಸಿಗೆ ಬೇರೂರಲು ಹಲವು ತಿಂಗಳ ತೇವ ದೊರೆಯುವುದೇ ಈ ಕಾಲದ ಆಯ್ಕೆಗೆ ಕಾರಣ.

ಆದರೆ ಸಸಿಯ ಅಳಿವು ಉಳಿವು ನಿರ್ಧಾರವಾಗುವುದು ಮಳೆಗಾಲದಲ್ಲಲ್ಲ, ಅದರ ನಂತರದ ಬೇಸಿಗೆಯಲ್ಲಿ. ಬೇರು ಆಳಕ್ಕಿಳಿದು ಸಸಿಯು ಸ್ವಂತ ಬಲದಿಂದ ಬದುಕಲು ಸಾಮಾನ್ಯವಾಗಿ ಎರಡರಿಂದ ಮೂರು ಬೇಸಿಗೆಗಳು ಬೇಕಾಗುತ್ತವೆ. ಆದುದರಿಂದ ಅರ್ಜಿದಾರರು ಒಂದು ದಿನದ ಕಾರ್ಯಕ್ರಮಕ್ಕೆ ಅನುಮತಿ ಕೋರುವ ಬದಲು, ಮೂರು ವರ್ಷಗಳ ಪೋಷಣೆಯ ಹೊಣೆಯನ್ನು ವಹಿಸಿಕೊಳ್ಳುವುದು ಸೂಕ್ತ. ಈ ಕೆಲಸವನ್ನು ಹೇಗೆ ಯೋಜಿಸಬೇಕು ಎಂಬುದನ್ನು ಬೆಂಗಳೂರು ನಗರವನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಉದ್ಯಾನವನ ಯಾರ ಸುಪರ್ದಿನಲ್ಲಿದೆ?

ಅರ್ಜಿ ಸಲ್ಲಿಸುವ ಮೊದಲು ಉದ್ಯಾನವನವು ಯಾವ ಸಂಸ್ಥೆಯ ಸುಪರ್ದಿನಲ್ಲಿದೆ ಎಂಬುದನ್ನು ತಿಳಿದುಕೊಳ್ಳಬೇಕು.

1. ಬೆಂಗಳೂರಿನ ಬಡಾವಣೆಗಳ ಬಹುಪಾಲು ಉದ್ಯಾನವನಗಳನ್ನು ನಗರ ಪಾಲಿಕೆಯ ತೋಟಗಾರಿಕೆ ವಿಭಾಗವು ನೋಡಿಕೊಳ್ಳುತ್ತದೆ. 2007ರಿಂದ ಇದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕೆಲಸವಾಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವು ಅಸ್ತಿತ್ವಕ್ಕೆ ಬಂದು, ಅದರ ವ್ಯಾಪ್ತಿಯಲ್ಲಿ ಐದು ನಗರ ಪಾಲಿಕೆಗಳು ರಚನೆಯಾದವು. ಆದುದರಿಂದ ತಮ್ಮ ಬಡಾವಣೆಯು ಈಗ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಂಡು ಅರ್ಜಿ ಸಲ್ಲಿಸಬೇಕು.

2. ಕಬ್ಬನ್ ಉದ್ಯಾನ ಮತ್ತು ಲಾಲ್‌ಬಾಗ್ ಪಾಲಿಕೆಯ ಸುಪರ್ದಿನಲ್ಲಿಲ್ಲ. ಇವು ರಾಜ್ಯ ತೋಟಗಾರಿಕೆ ಇಲಾಖೆಯ ಆಡಳಿತದಲ್ಲಿದ್ದು, ಕರ್ನಾಟಕ ಸರ್ಕಾರಿ ಉದ್ಯಾನಗಳ (ಸಂರಕ್ಷಣೆ) ಅಧಿನಿಯಮ, 1975ಕ್ಕೆ ಒಳಪಟ್ಟಿವೆ.

3. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ನಿರ್ಮಿಸಿ, ಇನ್ನೂ ಪಾಲಿಕೆಗೆ ಹಸ್ತಾಂತರಿಸದ ಬಡಾವಣೆಗಳ ಉದ್ಯಾನವನಗಳಿಗೆ ಪ್ರಾಧಿಕಾರವನ್ನೇ ಸಂಪರ್ಕಿಸಬೇಕು. ರಾಜ್ಯದ ಇತರ ಊರುಗಳಲ್ಲಿ ಸ್ಥಳೀಯ ಮಹಾನಗರ ಪಾಲಿಕೆ, ನಗರಸಭೆ ಅಥವಾ ಪುರಸಭೆಯ ಕಚೇರಿಯಲ್ಲಿ ವಿಚಾರಿಸಬಹುದು.

ಉದ್ಯಾನವನವು ಸಾರ್ವಜನಿಕ ಸ್ವತ್ತು. ಉದ್ಯಾನವನ, ಆಟದ ಮೈದಾನ ಹಾಗೂ ಬಯಲು ಜಾಗಗಳನ್ನು ಅನ್ಯ ಉದ್ದೇಶಕ್ಕೆ ಬಳಸದಂತೆ ಕಾಪಾಡಲು 1985ರ ಅಧಿನಿಯಮವು ಜಾರಿಯಲ್ಲಿದೆ. ಸದುದ್ದೇಶದಿಂದಲೇ ಆದರೂ ಲಿಖಿತ ಒಪ್ಪಿಗೆಯಿಲ್ಲದೆ ಗುಂಡಿ ತೆಗೆಯುವುದು, ಬೇಲಿ ಹಾಕುವುದು, ನಾಮಫಲಕ ನಿಲ್ಲಿಸುವುದು ಸಲ್ಲದು. ನೆಲದಡಿಯ ನೀರಿನ ಕೊಳವೆ ಮತ್ತು ವಿದ್ಯುತ್ ತಂತಿಗಳ ಮಾಹಿತಿಯು ಸಂಬಂಧಪಟ್ಟ ಕಚೇರಿಯಲ್ಲಿರುವುದರಿಂದ, ಸುರಕ್ಷತೆಯ ದೃಷ್ಟಿಯಿಂದಲೂ ಒಪ್ಪಿಗೆ ಅಗತ್ಯ.

ಅರ್ಜಿಯಲ್ಲಿ ನಮೂದಿಸಬೇಕಾದ ಅಂಶಗಳು

ಕೆಳಗಿನ ವಿವರಗಳು ಅರ್ಜಿಯಲ್ಲಿದ್ದರೆ ಸ್ಥಳ ಪರಿಶೀಲನೆಗೆ ಅನುಕೂಲವಾಗುತ್ತದೆ.

1. ಸಂಘ ಅಥವಾ ಗುಂಪಿನ ಹೆಸರು, ಹೊಣೆ ಹೊರುವ ಇಬ್ಬರು ಸದಸ್ಯರ ವಿಳಾಸ ಮತ್ತು ದೂರವಾಣಿ ಸಂಖ್ಯೆ. ಒಬ್ಬರು ಊರಿನಲ್ಲಿಲ್ಲದಾಗ ಮತ್ತೊಬ್ಬರು ಲಭ್ಯರಿರಬೇಕು ಎಂಬುದು ಇದರ ಉದ್ದೇಶ.

2. ಗಿಡ ನೆಡಲು ಉದ್ದೇಶಿಸಿರುವ ಜಾಗವನ್ನು ಗುರುತಿಸಿದ ಸರಳ ನಕ್ಷೆ. ನಡಿಗೆ ದಾರಿ, ದೀಪದ ಕಂಬ, ಕೊಳವೆಬಾವಿ ಮತ್ತು ಈಗಾಗಲೇ ಇರುವ ಮರಗಳನ್ನು ಇದರಲ್ಲಿ ತೋರಿಸಬೇಕು.

3. ಸಸಿಗಳ ಜಾತಿ, ಸಂಖ್ಯೆ ಮತ್ತು ಅವುಗಳನ್ನು ತರುವ ಸಸ್ಯಕ್ಷೇತ್ರ.

4. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ನೀರು ಎಲ್ಲಿಂದ ಬರುತ್ತದೆ, ಯಾರು ಹಾಕುತ್ತಾರೆ ಎಂಬ ವಿವರ.

5. ಉದ್ಯಾನವನದ ಮಾಲಿ ಮಾಡುವ ಕೆಲಸ ಯಾವುದು, ಸ್ವಯಂಸೇವಕರು ಮಾಡುವ ಕೆಲಸ ಯಾವುದು ಎಂಬ ಹಂಚಿಕೆ. ಇದನ್ನು ಬರೆದಿಡದಿದ್ದಲ್ಲಿ, ಮಾಲಿ ನೀರು ಹಾಕುತ್ತಾರೆಂದು ಸಂಘದವರೂ, ಸಂಘದವರು ಹಾಕುತ್ತಾರೆಂದು ಮಾಲಿಯೂ ಭಾವಿಸಿ ಸಸಿಗಳು ಒಣಗುವ ಸಂಭವವಿರುತ್ತದೆ.

ಸಸಿಗಳ ಸಂಖ್ಯೆಯನ್ನು ನಿರ್ಧರಿಸುವ ಬಗೆ

ಸಸಿಗಳ ಸಂಖ್ಯೆಯನ್ನು ಬಂದವರ ಸಂಖ್ಯೆಯಿಂದಾಗಲಿ ಖಾಲಿ ಜಾಗದಿಂದಾಗಲಿ ನಿರ್ಧರಿಸದೆ, ಬೇಸಿಗೆಯಲ್ಲಿ ಒದಗಿಸಬಹುದಾದ ನೀರಿನಿಂದ ನಿರ್ಧರಿಸಬೇಕು. ಒಂದು ಉದಾಹರಣೆಯನ್ನು ಗಮನಿಸಬಹುದು. ಒಂದು ಸಸಿಗೆ ಒಂದು ಸಲಕ್ಕೆ 20 ಲೀಟರ್‌ನಂತೆ ವಾರಕ್ಕೆ ಎರಡು ಬಾರಿ ನೀರು ಹಾಕುವುದಾದರೆ, 50 ಸಸಿಗಳಿಗೆ ಪ್ರತಿ ಸಲವೂ 1,000 ಲೀಟರ್ ಬೇಕು. ಹತ್ತು ಮಂದಿ ಸ್ವಯಂಸೇವಕರಿದ್ದರೆ ಒಬ್ಬೊಬ್ಬರು 20 ಲೀಟರ್‌ನ ಐದು ಕ್ಯಾನುಗಳನ್ನು ಹೊರಬೇಕಾಗುತ್ತದೆ. ಡಿಸೆಂಬರ್‌ನಿಂದ ಮೇ ಅಂತ್ಯದವರೆಗಿನ 26 ವಾರಗಳಲ್ಲಿ ಇಂತಹ 52 ಸರದಿಗಳು ಬರುತ್ತವೆ. ಒಟ್ಟು 52,000 ಲೀಟರ್ ನೀರು ಬೇಕಾಗುತ್ತದೆ. ನಡುವೆ ಮಳೆ ಬಂದರೆ ಇದು ಕಡಿಮೆಯಾಗಬಹುದು. ಆದರೆ ಯೋಜನೆಯನ್ನು ಮಳೆಯನ್ನು ನಂಬಿ ಮಾಡಬಾರದು. ಹತ್ತು ಮಂದಿಯ ಬದಲು ವಾರವೂ ನಾಲ್ವರೇ ಬರುವಂತಿದ್ದರೆ 20 ಸಸಿಗಳನ್ನು ನೆಟ್ಟು ಇಪ್ಪತ್ತನ್ನೂ ಉಳಿಸಿಕೊಳ್ಳುವುದು ಮೇಲು.

ನೀರಿನ ಮೂಲವನ್ನೂ ಮೊದಲೇ ಗೊತ್ತುಪಡಿಸಿಕೊಳ್ಳಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿನ ತೀವ್ರ ಅಭಾವ ಉಂಟಾದಾಗ, ಜಲಮಂಡಳಿಯು ಮಾರ್ಚ್ ತಿಂಗಳಲ್ಲಿ ಕುಡಿಯುವ ನೀರನ್ನು ತೋಟಗಾರಿಕೆ, ವಾಹನ ತೊಳೆಯುವುದು ಮೊದಲಾದ ಕೆಲಸಗಳಿಗೆ ಬಳಸುವುದನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡ ವಿಧಿಸಲು ಆದೇಶಿಸಿತು. ಮನೆಯ ನಲ್ಲಿಯ ನೀರನ್ನೇ ನೆಚ್ಚಿಕೊಂಡ ಸಸಿಗಳು ಇಂತಹ ವರ್ಷದಲ್ಲಿ ಅಪಾಯಕ್ಕೆ ಸಿಲುಕುತ್ತವೆ. ಸಂಸ್ಕರಿಸಿದ ನೀರು, ಉದ್ಯಾನವನದ ಕೊಳವೆಬಾವಿ ಅಥವಾ ಮಳೆನೀರು ಸಂಗ್ರಹದ ತೊಟ್ಟಿ ಇವುಗಳಲ್ಲಿ ಯಾವುದು ಲಭ್ಯ ಎಂಬುದನ್ನು ನೆಡುವ ಮುನ್ನವೇ ವಿಚಾರಿಸಬೇಕು.

ಸ್ಥಳ ಮತ್ತು ಜಾತಿಯ ಆಯ್ಕೆ

ಸಸಿಯನ್ನು ನೆಡುವಾಗ ಅದು ಇಪ್ಪತ್ತು ವರ್ಷಗಳ ನಂತರ ಎಷ್ಟು ಹರಡುತ್ತದೆ ಎಂಬುದನ್ನು ಯೋಚಿಸಬೇಕು. ಆಲ, ಅರಳಿ, ಅತ್ತಿ ಮರಗಳು ಹಕ್ಕಿಗಳಿಗೆ ಆಹಾರ ನೀಡುತ್ತವೆ. ಆದರೆ ಇವುಗಳ ಬೇರು ಬಲವಾಗಿ ಹರಡುವುದರಿಂದ ಕಾಂಪೌಂಡು, ಚರಂಡಿ ಮತ್ತು ಕಟ್ಟಡಗಳಿಂದ ದೂರವಿರುವ ವಿಶಾಲ ಜಾಗದಲ್ಲಿ ಮಾತ್ರ ನೆಡಬೇಕು. ಹೊಂಗೆ, ಬೇವು, ನೇರಳೆ, ಹುಣಸೆ ಬೆಂಗಳೂರಿನ ಹವೆಗೆ ಚೆನ್ನಾಗಿ ಹೊಂದಿಕೊಂಡಿವೆ. ತೇವ ನಿಲ್ಲುವ ತಗ್ಗಿನಲ್ಲಿ ಹೊಳೆಮತ್ತಿ ಬರುತ್ತದೆ. ಕಿರಿದಾದ ಜಾಗಕ್ಕೆ ಕಕ್ಕೆ, ಬಸವನಪಾದ, ಸೀತಾ ಅಶೋಕದಂತಹ ಮರಗಳು ಸೂಕ್ತ. ವಿದ್ಯುತ್ ತಂತಿಯ ಕೆಳಗೆ ಎತ್ತರ ಬೆಳೆಯುವ ಯಾವ ಜಾತಿಯನ್ನೂ ನೆಡಬಾರದು. ಅಂತಹ ಮರದ ತುದಿಯನ್ನು ಪ್ರತಿ ವರ್ಷ ಕತ್ತರಿಸಬೇಕಾಗಿ ಬಂದು, ಮರವು ಒಂದು ಕಡೆಗೆ ವಾಲುತ್ತದೆ.

ಗುಲ್‌ಮೊಹರ್‌ನಂತಹ ಮರಗಳು ಬೇಗನೆ ಬೆಳೆದು ಹೂ ಬಿಡುತ್ತವೆಯಾದರೂ ಅವುಗಳ ಕೊಂಬೆ ಪೆಡಸು. ಏಪ್ರಿಲ್ ಮತ್ತು ಮೇ ತಿಂಗಳ ಗುಡುಗು ಮಳೆಯ ಗಾಳಿಗೆ ಮುರಿದು ಬೀಳಬಲ್ಲವಾದುದರಿಂದ ಮಕ್ಕಳ ಆಟದ ಜಾಗ ಮತ್ತು ಕಲ್ಲುಬೆಂಚುಗಳ ಬಳಿ ಇವು ಬೇಡ. ದೊಡ್ಡ ಜಾತಿಯ ಮರಗಳ ನಡುವೆ 8ರಿಂದ 10 ಮೀಟರ್, ಸಣ್ಣ ಜಾತಿಗಳ ನಡುವೆ 4ರಿಂದ 5 ಮೀಟರ್ ಅಂತರವಿರಲಿ.

ಸಸಿಗಳನ್ನು ಅರಣ್ಯ ಇಲಾಖೆಯ ಅಥವಾ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಿಂದ ಪಡೆಯಬಹುದು. ಆರಿಸುವಾಗ ಎತ್ತರಕ್ಕಿಂತ ಬೇರಿನ ಕಡೆಗೆ ಹೆಚ್ಚು ಗಮನವಿರಲಿ. ಚೀಲದಲ್ಲಿ ಬಹುಕಾಲ ಉಳಿದ ಸಸಿಯ ಬೇರು ಚೀಲದೊಳಗೇ ಸುತ್ತಿಕೊಂಡಿರುತ್ತದೆ. ಇದನ್ನು ಹಾಗೆಯೇ ನೆಟ್ಟರೆ ಬೇರು ಹೊರಗೆ ಹರಡದೆ ಸುತ್ತುತ್ತಲೇ ದಪ್ಪವಾಗುತ್ತದೆ. ವರ್ಷಗಳ ನಂತರ ಮೇಲ್ನೋಟಕ್ಕೆ ಆರೋಗ್ಯವಾಗಿರುವ ಮರವೇ ಗಾಳಿಗೆ ಬುಡಸಮೇತ ಉರುಳಬಹುದು.

ನೆಡುವ ವಿಧಾನ

1. ನೆಡುವುದಕ್ಕೆ ಕೆಲವು ವಾರಗಳ ಮೊದಲೇ ಸುಮಾರು 60 ಸೆಂ.ಮೀ. ಉದ್ದ, ಅಗಲ ಮತ್ತು ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಬೇಕು. ಮೇಲ್ಮಣ್ಣನ್ನು ಪ್ರತ್ಯೇಕವಾಗಿ ಇಡಬೇಕು. ಕಟ್ಟಡದ ಕಸ ಸಿಕ್ಕಿದರೆ ತೆಗೆದುಹಾಕಬೇಕು.

2. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರವನ್ನು ಬೆರೆಸಿ ತುಂಬಬೇಕು. ಹಸಿ ಸಗಣಿಯನ್ನು ಹಾಕಬಾರದು. ಅದು ಗೆದ್ದಲನ್ನು ಆಕರ್ಷಿಸುತ್ತದೆ. ಗೆದ್ದಲಿನ ಕಾಟವಿರುವಲ್ಲಿ ಬೇವಿನ ಹಿಂಡಿಯನ್ನು ಬೆರೆಸಬಹುದು.

3. ಪಾಲಿಥೀನ್ ಚೀಲವನ್ನು ಪೂರ್ಣವಾಗಿ ಬಿಡಿಸಿ, ಬೇರಿನ ಸುತ್ತಲಿನ ಮಣ್ಣಿನ ಹೆಂಟೆ ಒಡೆಯದಂತೆ ಸಸಿಯನ್ನು ಇಡಬೇಕು. ಚೀಲಗಳನ್ನೆಲ್ಲ ಎಣಿಸಿ ಹಿಂದಕ್ಕೆ ಒಯ್ಯಬೇಕು. ಚೀಲಗಳ ಸಂಖ್ಯೆ ಸಸಿಗಳ ಸಂಖ್ಯೆಗಿಂತ ಕಡಿಮೆಯಿದ್ದರೆ ಯಾವುದೋ ಸಸಿಯನ್ನು ಚೀಲದೊಂದಿಗೇ ನೆಡಲಾಗಿದೆ ಎಂದರ್ಥ.

4. ಚೀಲದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಮಾತ್ರ ಮಣ್ಣು ಮುಚ್ಚಬೇಕು. ಕಾಂಡಕ್ಕೆ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತದೆ.

5. ಊರೆಗೋಲನ್ನು ಬೇರಿಗೆ ತಗಲದಂತೆ ನೆಟ್ಟು, ಸೆಣಬಿನ ದಾರದಿಂದ ಸಡಿಲವಾಗಿ ಕಟ್ಟಬೇಕು. ತಂತಿ ಮತ್ತು ಪ್ಲಾಸ್ಟಿಕ್ ದಾರವು ಬೆಳೆಯುವ ಕಾಂಡವನ್ನು ಕೊಯ್ಯುತ್ತದೆ.

6. ಸುತ್ತಲೂ ಪಾತಿ ಮಾಡಿ, ನೀರು ಹಾಕಿ, ಒಣ ಎಲೆಗಳನ್ನು ಹೊದಿಸಬೇಕು. ಎಲೆಗಳು ಕಾಂಡಕ್ಕೆ ತಾಗದಂತೆ ಸ್ವಲ್ಪ ಅಂತರವಿರಲಿ.

ಮೂರು ವರ್ಷಗಳ ಪೋಷಣೆ

ದಿನವೂ ಒಂದು ಚೊಂಬು ನೀರು ಹಾಕುವುದರಿಂದ ಮೇಲ್ಮಣ್ಣು ಮಾತ್ರ ನೆನೆದು, ಬೇರು ಮೇಲೆಯೇ ಉಳಿಯುತ್ತದೆ. ವಾರಕ್ಕೆ ಎರಡು ಬಾರಿ ನಿಧಾನವಾಗಿ ಹೆಚ್ಚು ನೀರು ಹಾಕಿದರೆ ತೇವ ಆಳಕ್ಕಿಳಿದು ಬೇರೂ ಅದನ್ನು ಅನುಸರಿಸುತ್ತದೆ. ಎರಡನೆಯ ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಮೂರನೆಯ ಬೇಸಿಗೆಯಲ್ಲಿ ಹತ್ತು ಹದಿನೈದು ದಿನಗಳಿಗೊಮ್ಮೆ ನೀರು ಹಾಕಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ನೀರಿನ ಕೊರತೆಯಲ್ಲದೆ, ಹುಲ್ಲು ಕತ್ತರಿಸುವ ಯಂತ್ರವು ತಗಲಿ ತೊಗಟೆ ಸುಲಿಯುವುದರಿಂದಲೂ ಸಸಿಗಳು ಸಾಯುತ್ತವೆ. ಪಾತಿಯೊಳಗಿನ ಕಳೆಯನ್ನು ಕೈಯಿಂದಲೇ ತೆಗೆಯುವುದು ಉತ್ತಮ. ಕಾಂಡ ದಪ್ಪವಾದಂತೆ ದಾರವನ್ನು ಸಡಿಲಿಸಬೇಕು. ಸಸಿ ತಾನೇ ನಿಲ್ಲುವಂತಾದಾಗ ಊರೆಗೋಲನ್ನು ತೆಗೆಯಬೇಕು. ಮರದ ಬುಡದವರೆಗೆ ಕಾಂಕ್ರೀಟ್ ಹಾಕುವುದಾಗಲಿ, ಕಟ್ಟೆ ಕಟ್ಟಿ ಮಣ್ಣು ತುಂಬುವುದಾಗಲಿ ಕೂಡದು. ದೆಹಲಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿ ಮರದ ಸುತ್ತ 1 ಮೀಟರ್ ಜಾಗವನ್ನು ಕಾಂಕ್ರೀಟ್‌ನಿಂದ ಮುಕ್ತವಾಗಿಡಲು ನಿರ್ದೇಶಿಸಿತ್ತು. ಈ ಅಳತೆಯನ್ನು ಬಡಾವಣೆಯ ಉದ್ಯಾನವನದಲ್ಲಿಯೂ ಪಾಲಿಸಬಹುದು.

ಪ್ರತಿ ಸಸಿಗೂ ಕ್ರಮಸಂಖ್ಯೆ ನೀಡಿ, ಜಾತಿ ಮತ್ತು ನೆಟ್ಟ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಬೇಕು. ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ ಬದುಕಿರುವ ಸಸಿಗಳನ್ನು ಎಣಿಸಬೇಕು. ಸತ್ತ ಸಸಿಯನ್ನು ಕಿತ್ತು ಬೇರನ್ನು ಪರೀಕ್ಷಿಸಿ, ಕಾರಣ ತಿಳಿದ ನಂತರವೇ ಆ ಗುಂಡಿಯಲ್ಲಿ ಮತ್ತೊಂದನ್ನು ನೆಡಬೇಕು. ಅರಣ್ಯ ಇಲಾಖೆಯು 2011-12ರಲ್ಲಿ ರೈತರಿಗಾಗಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿಯೂ ಪ್ರೋತ್ಸಾಹಧನವನ್ನು ನೆಟ್ಟ ಸಸಿಗಳ ಲೆಕ್ಕಕ್ಕಲ್ಲದೆ ಬದುಕುಳಿದ ಸಸಿಗಳ ಲೆಕ್ಕಕ್ಕೆ ಗೊತ್ತುಪಡಿಸಲಾಗಿದೆ. ಈ ಯೋಜನೆಯು ಉದ್ಯಾನವನಗಳಿಗೆ ಅನ್ವಯಿಸುವುದಿಲ್ಲವಾದರೂ ಅದರ ಲೆಕ್ಕದ ಕ್ರಮವು ಸ್ವಯಂಸೇವಾ ಗುಂಪುಗಳಿಗೂ ಮಾದರಿಯಾಗಿದೆ.

ಸ್ವಯಂಸೇವಕರ ಗಮನಕ್ಕೆ

1. ಗುದ್ದಲಿ, ಹಾರೆ ಬಳಸುವಾಗ ಕಾಲಿಗೆ ಬೂಟು ಧರಿಸಬೇಕು. ಎಲೆಗಳ ರಾಶಿಗೆ ಬರಿಗೈ ಹಾಕಬಾರದು. ಹಾವು, ಚೇಳು ಇರಬಹುದು.

2. ಮರ ಹತ್ತುವುದು, ದೊಡ್ಡ ಕೊಂಬೆ ಕತ್ತರಿಸುವುದು ಸ್ವಯಂಸೇವಕರ ಕೆಲಸವಲ್ಲ. ಅಪಾಯಕಾರಿ ಕೊಂಬೆ ಕಂಡುಬಂದಲ್ಲಿ ಪಾಲಿಕೆಗೆ ಲಿಖಿತವಾಗಿ ತಿಳಿಸಬೇಕು.

3. ಉದುರಿದ ಎಲೆಗಳನ್ನು ಸುಡಬಾರದು. ಕಸವನ್ನು ಬಯಲಿನಲ್ಲಿ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರ್‌ನಲ್ಲಿ ದೇಶದಾದ್ಯಂತ ನಿಷೇಧಿಸಿದೆ. ಎಲೆಗಳನ್ನು ಉದ್ಯಾನವನದ ಒಂದು ಮೂಲೆಯಲ್ಲಿ ಗೊಬ್ಬರವಾಗಿಸಬಹುದು.

4. ಮರಕ್ಕೆ ಮೊಳೆ ಹೊಡೆದು ಫಲಕ ತೂಗುಹಾಕಬಾರದು.

5. ಗಿಡ ನೆಟ್ಟವರಿಗೆ ಆ ಮರದ ಮೇಲೆ ಒಡೆತನದ ಹಕ್ಕು ಬರುವುದಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಲ್ಲಿ ವಿನಾಯಿತಿ ನೀಡಲಾದ ಕೆಲವು ಜಾತಿಗಳನ್ನು ಹೊರತುಪಡಿಸಿ, ಮರ ಕಡಿಯಲು ವೃಕ್ಷ ಅಧಿಕಾರಿಯ ಪೂರ್ವಾನುಮತಿ ಅಗತ್ಯ. ತಪ್ಪು ಜಾಗದಲ್ಲಿ ನೆಟ್ಟ ಗಿಡವನ್ನು ಮುಂದೆ ತೆಗೆಯುವುದು ಸುಲಭವಲ್ಲ ಎಂಬುದನ್ನು ಜಾಗ ಆರಿಸುವಾಗಲೇ ನೆನಪಿಡಬೇಕು.

ಕೊನೆಯದಾಗಿ

ಮಾಗಡಿ ಸೀಮೆಯ ಹುಲಿಕಲ್ ಮತ್ತು ಕುದೂರು ನಡುವಿನ ರಸ್ತೆಯ ಆಲದ ಸಾಲು ನಾಡಿನವರೆಲ್ಲ ಬಲ್ಲದ್ದು. ಅದನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕ ಅವರು 2019ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾಗಿ, 2025ರ ನವೆಂಬರ್‌ನಲ್ಲಿ ನಿಧನರಾದರು. ಅವರೂ ಅವರ ಪತಿಯೂ ಗಿಡಗಳನ್ನು ನೆಟ್ಟಷ್ಟಕ್ಕೇ ಬಿಡಲಿಲ್ಲ. ದೂರದಿಂದ ಬಿಂದಿಗೆಗಳಲ್ಲಿ ನೀರು ಹೊತ್ತು ತಂದು ಹಾಕಿದರು, ದನಗಳು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಆ ಸಾಲು ಇಂದಿಗೂ ಉಳಿದಿರುವುದು ಈ ಆರೈಕೆಯಿಂದ.

ಉದ್ಯಾನವನದಲ್ಲಿ ಗಿಡ ನೆಡಲಿಚ್ಛಿಸುವ ನಾಗರಿಕರು ಮೊದಲು ಉದ್ಯಾನವನದ ನೀರಿನ ಮೂಲವನ್ನು ನೋಡಿ, ವಾರದ ಸರದಿಗೆ ಬರುವವರ ಹೆಸರುಗಳನ್ನು ಪಟ್ಟಿ ಮಾಡಿ, ಅದಕ್ಕೆ ತಕ್ಕಷ್ಟೇ ಸಸಿಗಳಿಗೆ ಅರ್ಜಿ ಸಲ್ಲಿಸಬೇಕೆಂದು ಕೋರಲಾಗಿದೆ. ಅರ್ಜಿಯನ್ನು ಏಪ್ರಿಲ್ ತಿಂಗಳಲ್ಲಿಯೇ ನೀಡಿದರೆ ಸ್ಥಳ ಪರಿಶೀಲನೆ ಮುಗಿದು, ಮುಂಗಾರಿಗೆ ಮೊದಲು ಗುಂಡಿಗಳನ್ನು ಸಿದ್ಧಪಡಿಸಿಕೊಳ್ಳಲು ಕಾಲಾವಕಾಶ ದೊರೆಯುತ್ತದೆ.