ಪೆಸಿಫಿಕ್ ಬಿಸಿಯಾದರೆ ಚಳ್ಳಕೆರೆಗೆ ಬರವೇ?

2023ರ ಜುಲೈನಲ್ಲಿ ದೇಶದಲ್ಲಿ ವಾಡಿಕೆಗಿಂತ ಶೇ 13ರಷ್ಟು ಹೆಚ್ಚು ಮಳೆ ಸುರಿದಿತ್ತು. ಆಗಸ್ಟ್ ಬಂತು; ಆಶ್ಲೇಷ ಮಳೆ ಕೈಕೊಟ್ಟಿತು, ಮಘೆಯೂ ಅದೇ ಹಾದಿ ಹಿಡಿಯಿತು. ತಿಂಗಳ ಕೊನೆಗೆ ಕೊರತೆ ಶೇ 36. 1901ರಿಂದೀಚೆಗಿನ ದಾಖಲೆಗಳಲ್ಲಿ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಕೆಆರ್‌ಎಸ್ ತುಂಬಲಿಲ್ಲ, ಕಾವೇರಿ ನೀರಿಗಾಗಿ ಸೆಪ್ಟೆಂಬರ್‌ನಲ್ಲಿ ಬಂದ್‌ಗಳಾದವು. ಎಲ್ಲರ ಬೆರಳೂ ಎಲ್ ನಿನೊ ಕಡೆಗೇ ತಿರುಗಿತ್ತು.

ಜುಲೈನಲ್ಲಿ ಕೆರೆ ತುಂಬುವಂತೆ ಸುರಿದಾಗಲೂ ಪೆಸಿಫಿಕ್‌ನಲ್ಲಿ ಇದ್ದದ್ದು ಅದೇ ಎಲ್ ನಿನೊ. ಸೆಪ್ಟೆಂಬರ್‌ನಲ್ಲಿ ಮಳೆ ಮತ್ತೆ ವಾಡಿಕೆ ಮೀರಿದಾಗಲೂ ಅದು ಅಲ್ಲೇ ಇತ್ತು. ಹಾಗಾದರೆ ಆಗಸ್ಟ್ ಅನ್ನು ಒಣಗಿಸಿದ್ದು ಯಾರು?

ಮೊದಲು ಪೆಸಿಫಿಕ್ ಕಥೆ. ಸಾಮಾನ್ಯ ವರ್ಷಗಳಲ್ಲಿ ಅಲ್ಲಿನ ಸಮಭಾಜಕದ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತ ಬಿಸಿನೀರನ್ನು ಇಂಡೊನೇಷ್ಯಾದ ಕಡೆಗೆ ತಳ್ಳುತ್ತದೆ. ಬಿಸಿನೀರಿರುವಲ್ಲಿ ಗಾಳಿ ಮೇಲೇರುತ್ತದೆ, ಮೋಡ ಕಟ್ಟುತ್ತದೆ. ಮೇಲೇರಿದ ಗಾಳಿ ಪೆರು ದೇಶದ ತೀರದತ್ತ ಹೋಗಿ ಕೆಳಗಿಳಿಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಈ ಗಾಳಿ ಸೊರಗುತ್ತದೆ. ಆಗ ಬಿಸಿನೀರು ಪೂರ್ವಕ್ಕೆ ಸರಿಯುತ್ತದೆ, ಅದರ ಬೆನ್ನಿಗೆ ಮೋಡಗಳೂ ಸರಿಯುತ್ತವೆ. ಇದೇ ಎಲ್ ನಿನೊ. ಇಂಡೊನೇಷ್ಯಾ ಮತ್ತು ಭಾರತದ ಮೇಲೆ ಗಾಳಿ ಕೆಳಮುಖವಾಗಿ ಒತ್ತತೊಡಗುತ್ತದೆ. ಕೆಳಗಿಳಿಯುವ ಗಾಳಿ ಮೋಡವನ್ನು ಬೆಳೆಯಗೊಡುವುದಿಲ್ಲ.

ಈ ನಂಟಿನ ಜಾಡು ಹಿಡಿದದ್ದು ಭಾರತದಲ್ಲಿ ಕೂತು ಲೆಕ್ಕ ಹಾಕಿದ ಗಣಿತಜ್ಞ ಗಿಲ್ಬರ್ಟ್ ವಾಕರ್. 1899ರಲ್ಲಿ ಮುಂಗಾರು ಕೈಕೊಟ್ಟು ಭೀಕರ ಕ್ಷಾಮ ಬಂದುಹೋಗಿತ್ತು. 1904ರಲ್ಲಿ ಹವಾಮಾನ ಇಲಾಖೆಯ ಚುಕ್ಕಾಣಿ ಹಿಡಿದ ವಾಕರ್, ಮುಂಗಾರನ್ನು ಮುಂಚಿತವಾಗಿ ಹೇಳುವ ದಾರಿ ಹುಡುಕುತ್ತ ಜಗತ್ತಿನ ನಾನಾ ಮೂಲೆಗಳ ವಾಯುಭಾರದ ಅಂಕಿಗಳನ್ನು ಗುಮಾಸ್ತರಿಂದ ತಾಳೆ ಹಾಕಿಸಿದರು. ಪೆಸಿಫಿಕ್‌ನಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದಲ್ಲಿ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ ಎಂಬುದು ಅವರಿಗೆ ಹೊಳೆಯಿತು. ಕಾರಣ ಮಾತ್ರ ತಿಳಿಯಲಿಲ್ಲ. ಸಮುದ್ರದ ಬಿಸಿಗೂ ಈ ಏರಿಳಿತಕ್ಕೂ ಗಂಟು ಹಾಕಿದವರು ಜೇಕಬ್ ಬ್ಯರ್ಕ್ನೆಸ್, 1969ರಲ್ಲಿ.

ಅಲ್ಲಿಗೆ ಒಗಟು ಬಿಡಿಸಿದಂತಾಯಿತು ಎಂದುಕೊಂಡವರಿಗೆ 1997 ಪಾಠ ಕಲಿಸಿತು. ಆ ವರ್ಷದ್ದು ಇಪ್ಪತ್ತನೇ ಶತಮಾನದ ಅತಿ ಬಲಿಷ್ಠ ಎಲ್ ನಿನೊಗಳಲ್ಲಿ ಒಂದು; ಆದರೂ ಭಾರತದ ಮುಂಗಾರು ಸರಾಸರಿಗಿಂತ ತುಸು ಹೆಚ್ಚೇ ಸುರಿಯಿತು. 2002ರ ಎಲ್ ನಿನೊ ಅದರ ಮುಂದೆ ಏನೇನೂ ಅಲ್ಲ, ಆದರೆ ಮಳೆ ಶೇ 19ರಷ್ಟು ಕುಸಿಯಿತು. ಜುಲೈ ಒಂದರಲ್ಲೇ ಅರ್ಧದಷ್ಟು ಕೊರತೆ. ಬಿಸಿ ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ಮುಖ್ಯ ಎನ್ನುತ್ತಾರೆ ವಿಜ್ಞಾನಿಗಳು. 1997ರಲ್ಲಿ ನೀರು ಹೆಚ್ಚು ಕಾದದ್ದು ದೂರದ ದಕ್ಷಿಣ ಅಮೆರಿಕದ ತೀರದತ್ತ. 2002ರಲ್ಲಿ ಪೆಸಿಫಿಕ್‌ನ ನಡುಭಾಗದಲ್ಲಿ. ನಡುಭಾಗ ಕಾದಾಗ ಕೆಳಗಿಳಿಯುವ ಗಾಳಿ ನೇರವಾಗಿ ನಮ್ಮ ಮೇಲೆಯೇ ಒರಗುತ್ತದೆ.

1997ರಲ್ಲಿ ಮನೆಯಂಗಳದ ಸಮುದ್ರವೂ ನೆರವಿಗೆ ಬಂದಿತ್ತು. ಹಿಂದೂ ಮಹಾಸಾಗರಕ್ಕೂ ಇಂಥದ್ದೇ ಏರಿಳಿತವಿದೆ: ಸುಮಾತ್ರಾ ಬಳಿ ನೀರು ತಣ್ಣಗಾಗಿ, ಆಫ್ರಿಕಾದ ಕಡೆ ಬಿಸಿಯಾದರೆ ಮುಂಗಾರಿಗೆ ಅನುಕೂಲ. ಇಂಡಿಯನ್ ಓಷನ್ ಡೈಪೋಲ್ ಎಂಬ ಈ ವಿದ್ಯಮಾನವನ್ನು 1999ರಲ್ಲಿ ವಿವರಿಸಿದ ತಂಡದಲ್ಲಿ ಎನ್.ಎಚ್. ಸಾಜಿ, ತೋಶಿಯೊ ಯಮಗಾತಾ ಅವರೊಂದಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಬಿ.ಎನ್. ಗೋಸ್ವಾಮಿ, ಪಿ.ಎನ್. ವಿನಯಚಂದ್ರನ್ ಕೂಡ ಇದ್ದರು. 2019ರಲ್ಲಿ ಜೂನ್ ತಿಂಗಳು ಮೂರನೇ ಒಂದು ಪಾಲು ಕೊರತೆಯಿಂದ ಶುರುವಾದರೂ, ಬಲವಾದ ಡೈಪೋಲ್ ಬೆಳೆಯುತ್ತಿದ್ದಂತೆ ಸೆಪ್ಟೆಂಬರ್ ಮಳೆ ವಾಡಿಕೆಯ ಒಂದೂವರೆ ಪಟ್ಟಾಯಿತು. ಮುಂಗಾರು ವಾಯವ್ಯ ಭಾರತದಿಂದ ಕಾಲ್ತೆಗೆಯಲು ಅಕ್ಟೋಬರ್ 9ರವರೆಗೆ ಕಾಯಿಸಿತು.

ಎಲ್ ನಿನೊ, ಡೈಪೋಲ್ ಎರಡೂ ಇಡೀ ಋತುವಿನ ಒಲವು ಹೇಳುತ್ತವೆ. ವಾರಗಳ ಲೆಕ್ಕ ಬೇರೆ. ಮುಂಗಾರು ಸತತವಾಗಿ ಸುರಿಯುವುದಿಲ್ಲ. ಜೋರು, ಬಿಡುವು, ಮತ್ತೆ ಜೋರು. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಹವಾಮಾನ ತಜ್ಞ ಡಿ.ಆರ್. ಸಿಕ್ಕಾ ಉಪಗ್ರಹ ಚಿತ್ರಗಳನ್ನು ದಿನದಿನಕ್ಕೆ ಜೋಡಿಸಿ ನೋಡಿ, ಸಮಭಾಜಕದ ಸಮುದ್ರದಲ್ಲಿ ಹುಟ್ಟಿದ ಮೋಡದ ಪಟ್ಟಿ ಕೆಲವು ವಾರಗಳಿಗೊಮ್ಮೆ ಉತ್ತರಕ್ಕೆ ಸಾಗಿ ಬರುವುದನ್ನು 1980ರಲ್ಲಿ ತೋರಿಸಿದರು. ಇದಕ್ಕೆ ಜೊತೆಯಾಗಿ, 30ರಿಂದ 60 ದಿನಗಳಲ್ಲಿ ಭೂಮಿಯನ್ನು ಪೂರ್ವಮುಖವಾಗಿ ಸುತ್ತುವ ಮೋಡ-ಗಾಳಿಯ ಅಲೆಯೊಂದಿದೆ. ಅದರ ಹೆಸರು ಮ್ಯಾಡನ್-ಜೂಲಿಯನ್ ಆಂದೋಲನ. ಅಲೆ ಹಿಂದೂ ಮಹಾಸಾಗರದ ಮೇಲಿದ್ದಾಗ ನಮಗೆ ಮಳೆ. ಪೆಸಿಫಿಕ್ ಕಡೆಗೆ ದಾಟಿದಾಗ ಬಿಡುವು. 2023ರ ಆಗಸ್ಟ್‌ನಲ್ಲಿ ಅಲೆಯೂ ಪ್ರತಿಕೂಲವಾಗಿತ್ತು, ಎಲ್ ನಿನೊ ಕೂಡ ಜೊತೆಗೂಡಿತು. ಬಿಡುವಿನ ದಿನಗಳಲ್ಲಿ ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಹಿಮಾಲಯದ ತಪ್ಪಲಿಗೆ ಸರಿದುಬಿಡುತ್ತದೆ. ಅದಕ್ಕೇ ಇಲ್ಲಿ ಹೊಲ ಬಿರಿಯುತ್ತಿದ್ದ ಅದೇ ವಾರಗಳಲ್ಲಿ ಹಿಮಾಚಲದ ಶಿಮ್ಲಾದಲ್ಲಿ ಗುಡ್ಡಗಳು ಕುಸಿದವು.

ಕೊನೆಯ ಪಾತ್ರ ಪಶ್ಚಿಮಘಟ್ಟದ್ದು. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಅಲ್ಲಿಂದ 200 ಕಿಲೋಮೀಟರ್ ಒಳಗಿರುವ ಚಳ್ಳಕೆರೆಯಲ್ಲಿ 500ರ ಆಸುಪಾಸು. ಶೇ 30ರಷ್ಟು ಕೊರತೆಯಾದರೂ ಆಗುಂಬೆಯ ಕಾಡು ಒದ್ದೆಯಾಗಿಯೇ ಇರುತ್ತದೆ. ಚಳ್ಳಕೆರೆಯ ಶೇಂಗಾ ಹೊಲಕ್ಕೆ ಅಷ್ಟು ಸಾಕು ನೆಲಕಚ್ಚಲು. ಶೇಂಗಾ ಹೂ ಬಿಟ್ಟ ಮೇಲೆ ಸೂಜಿಯಂಥ ಕುಡಿಗಳು ಮಣ್ಣಿಗಿಳಿದು ಕಾಯಿ ಕಟ್ಟಬೇಕು. ಆ ಹೊತ್ತಿಗೆ ನೆಲ ಗಟ್ಟಿಯಾಗಿದ್ದರೆ ಕುಡಿ ಒಳಗಿಳಿಯದು; ಬಳ್ಳಿ ಹಸಿರಾಗಿದ್ದರೂ ಬುಡ ಕಿತ್ತರೆ ಕಾಯಿ ಇರುವುದಿಲ್ಲ.

2023ರ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ಸರಾಸರಿಯ ಶೇ 96ರಷ್ಟು ಮಳೆ ಎಂದಿತ್ತು. ಬಂದದ್ದು ಶೇ 94. ಮುನ್ಸೂಚನೆ ಬಹುಪಾಲು ನಿಜವೇ ಆಯಿತು, ಆದರೆ ನಾಲ್ಕು ತಿಂಗಳ ಆ ಒಂದು ಅಂಕಿಯಲ್ಲಿ ಆಗಸ್ಟ್‌ನ ಬಿಡುವು ಅಡಗಿಹೋಗಿತ್ತು. ಮಳೆಯಾಶ್ರಿತ ರೈತನಿಗೆ ಹೆಚ್ಚು ಕೆಲಸಕ್ಕೆ ಬರುವುದು ಎರಡು-ಮೂರು ವಾರ ಮುಂದಿನ ಚಿತ್ರ. ಇಲಾಖೆ ಈಗ ವಾರಕ್ಕೊಮ್ಮೆ ಮುಂದಿನ ನಾಲ್ಕು ವಾರಗಳ ಮುನ್ನೋಟ ಕೊಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಅದರ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿದರೆ ಊರಿನ ಮಳೆಯ ಮಾಹಿತಿ ಸಿಗುತ್ತದೆ. ಬಿತ್ತನೆಯನ್ನು ಹತ್ತು ದಿನ ಮುಂದೂಡಬೇಕೇ, ಗೊಬ್ಬರವನ್ನು ಈ ವಾರವೇ ಹಾಕಬೇಕೇ ಎಂಬ ಪ್ರಶ್ನೆಗೆ ಎಲ್ ನಿನೊ ಸುದ್ದಿಗಿಂತ ಹತ್ತಿರದ ಉತ್ತರ ಸಿಗುವುದು ಅಲ್ಲಿ.