ದಂಡವೂ ಒಡಂಬಡಿಕೆಯೂ: ಮತಕಲಹಶಮನಕ್ಕೆ ಬುಕ್ಕರಾಯನ ಕಾಲದ ಎರಡು ನಿದರ್ಶನಗಳು

ಪರರಾಜ್ಯಕ್ಕೆ ಸೈನ್ಯವನ್ನು ಕಳುಹಿಸಿ ಮತಾಂಧರೊಡನೆ ಒದಗಿದ ಕಲಹವನ್ನು ಪರಿಹರಿಸಬಹುದೆ ಎಂಬ ಪ್ರಶ್ನೆಯು ಈಗಿನ ರಾಜನೀತಿಯಲ್ಲಿ ಪದೇ ಪದೇ ಏಳುತ್ತಿದೆ. ಈ ವಿಷಯದಲ್ಲಿ ನಮ್ಮ ಪೂರ್ವಚರಿತ್ರೆಯ ಸಾಕ್ಷ್ಯವು ವಿಚಾರಾರ್ಹವಾದುದು. ವಿಜಯನಗರದ ಒಂದನೆಯ ಬುಕ್ಕರಾಯನ ಆಳ್ವಿಕೆಯಲ್ಲಿ, ಹೆಚ್ಚುಕಡಮೆ ಒಂದೇ ಕಾಲದಲ್ಲಿ, ಹೊರನಾಡಿನಲ್ಲಿ ದಂಡವೂ ಒಳನಾಡಿನಲ್ಲಿ ಒಡಂಬಡಿಕೆಯೂ ಪ್ರಯೋಗವಾದುವು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯು ಅದಕ್ಕೆ ಹಿಂದೆ ಹೊಯ್ಸಳರ ರಾಜ್ಯಕ್ಕೆ ಸೇರಿದ್ದಿತು. ತುರುವೇಕೆರೆಯ ಮೂಲೆ ಶಂಕರೇಶ್ವರ, ಚೆನ್ನಕೇಶವ ದೇವಾಲಯಗಳು ಆ ಕಾಲದವು. ಆ ವಂಶದ ಮೂರನೆಯ ಬಲ್ಲಾಳನು ಮಧುರೆಯ ಸುಲ್ತಾನರೊಡನೆ ಕಾದಿ 1342–43ರ ವೇಳೆಗೆ ಸೆರೆಸಿಕ್ಕಿ ಹತನಾದನು. ಆಗ ಮಧುರೆಯ ಸೀಮೆಗೆ ಬಂದಿದ್ದ ಇಬ್ನ್ ಬತೂತನು, ತಾನೂ ಮುಸಲ್ಮಾನನಾಗಿ ಸುಲ್ತಾನ ಘಿಯಾಸುದ್ದೀನನಿಗೆ ನೆಂಟನಾಗಿದ್ದರೂ, ಆತನ ಕ್ರೌರ್ಯವನ್ನು ಖಂಡಿಸಿ ಬರೆದಿದ್ದಾನೆ. ಆದುದರಿಂದ ಇಲ್ಲಿಯ ದೋಷವನ್ನು ಒಂದು ಮತದ ಮೇಲೆ ಹೊರಿಸುವುದು ಯುಕ್ತವಲ್ಲ.

ಬಲ್ಲಾಳನಿಗೆ ಕೈಗೂಡದ ಕಾರ್ಯವು ಬುಕ್ಕರಾಯನ ಮಗನಾದ ಕುಮಾರ ಕಂಪಣನಿಗೆ ಕೈಗೂಡಿತು. ಈ ವಿಜಯವೇ ಆತನ ರಾಣಿ ಗಂಗಾದೇವಿಯ ‘ಮಧುರಾವಿಜಯ’ದ ವಸ್ತು. ಶ್ರೀರಂಗದಲ್ಲಿ ರಂಗನಾಥನ ಪುನಃಪ್ರತಿಷ್ಠೆಯನ್ನು ಗೋಪಣಾರ್ಯನ 1371ರ ಶಾಸನವು ತಿಳಿಸುತ್ತದೆ. ಈ ದಂಡಯಾತ್ರೆಯು ಸಫಲವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗೆದ್ದ ಸೈನ್ಯವು ಕೂಡಲೆ ಹಿಂದಿರುಗಲಿಲ್ಲ. ಕಂಪಣನು ತಮಿಳುನಾಡಿನಲ್ಲಿಯೇ ನಿಂತು ಆಳಿದನು. ಇದನ್ನು ರಾಜ್ಯಸ್ಥಾಪನೆಯೆನ್ನಬೇಕಲ್ಲದೆ ಕಲಹಪರಿಹಾರವೆಂದು ಮಾತ್ರ ಹೇಳಿದರೆ ಸಾಲದು.

ಇನ್ನು ಎರಡನೆಯ ನಿದರ್ಶನವು ತೆಂಗಿನ ಸೀಮೆಯ ನೆರೆಯದು. ತಿಪಟೂರಿಗೆ ದಕ್ಷಿಣದಲ್ಲಿ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿರುವ 1368ರ ಶಾಸನದ ಸಂಗತಿಯಿದು. ವೈಷ್ಣವಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ಸ್ಥಳಗಳ ಜೈನರು ಬುಕ್ಕರಾಯನಿಗೆ ಬಿನ್ನಹ ಮಾಡಿದರು. ಅರಸನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು; ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕವೆಂದು ಕಟ್ಟುಮಾಡಿದನು. ಈ ಕಟ್ಟಳೆಯನ್ನು ಬಸದಿಗಳಲ್ಲೆಲ್ಲ ನೆಡುವ ಹೊಣೆಯು ಶ್ರೀವೈಷ್ಣವರ ಮೇಲೆಯೇ ಬಿದ್ದಿತು. ಜೈನರು ಮನೆಗೊಂದು ಹಣದಂತೆ ವರ್ಷವರ್ಷವೂ ಕೊಡುವ ದ್ರವ್ಯದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಿ, ಉಳಿದ ಹಣದಿಂದ ಜೀರ್ಣಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದೂ ಗೊತ್ತಾಯಿತು.

ಈ ಶಾಸನದಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು, ಅಧಿಕಾರವು ಇಲ್ಲಿ ಆಯುಧವನ್ನು ತೊರೆಯಲಿಲ್ಲ. ಕಾವಲಿಗೆ ಆಳುಗಳಿದ್ದರು, ಆದರೆ ಅವರು ಒಡಂಬಡಿಕೆಯ ಸೇವಕರಾಗಿದ್ದರು. ಎರಡನೆಯದು, ಈ ಒಡಂಬಡಿಕೆಗೆ ಕರೆಯಲ್ಪಟ್ಟ ಆಚಾರ್ಯರಲ್ಲಿ ಕೋಯಿಲ್, ಎಂದರೆ ಶ್ರೀರಂಗದವರೂ ಸೇರಿದ್ದಾರೆ. ಹೊರನಾಡಿನಲ್ಲಿ ಪೀಡಿತರಾಗಿ ವಿಜಯನಗರದ ಕತ್ತಿಯಿಂದ ರಕ್ಷಣೆ ಪಡೆದ ಸಂಪ್ರದಾಯದವರ ಮೇಲೆಯೇ ಒಳನಾಡಿನಲ್ಲಿ ಪೀಡಕರೆಂಬ ದೂರು ಬಂದಿತು. ಮತಾಂಧತೆಯು ಒಂದು ಜನಾಂಗದ ಸ್ವಭಾವವಲ್ಲ, ಬಲವಿದ್ದವರಿಗೆಲ್ಲ ತಗಲಬಹುದಾದ ವ್ಯಾಧಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣವು ಬೇಕಾಗಿಲ್ಲ.

ಒಡಂಬಡಿಕೆಯು ಯಾವಾಗಲೂ ಸಮನ್ಯಾಯವೆಂದು ಹೇಳಲಾಗದು. 1638ರಲ್ಲಿ ಹಳೇಬೀಡಿನ ಬಸದಿಯ ಕಂಬಗಳ ಮೇಲಿನ ಲಿಂಗಮುದ್ರೆಯ ವಿವಾದವು ತೀರಿದಾಗ, ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಅನಂತರ ತಮ್ಮ ಪೂಜೆಯನ್ನು ನಡೆಸಬೇಕಾಯಿತು. ದುರ್ಬಲರು ಬೆಲೆ ತೆತ್ತರು. ಆದರೆ ಬಸದಿಯೂ ಪೂಜೆಯೂ ಉಳಿದುವು.

ಈಚಿನ ವೃತ್ತಾಂತಗಳನ್ನು ಇದಕ್ಕೆ ಹೋಲಿಸಬಹುದು. 2001ರಲ್ಲಿ ಅಮೆರಿಕದ ಸೈನ್ಯವು ಅಫ್ಘಾನಿಸ್ಥಾನದಲ್ಲಿ ತಾಲಿಬಾನರನ್ನು ಶೀಘ್ರವಾಗಿಯೇ ಪದಚ್ಯುತಗೊಳಿಸಿತು. ಆ ವರ್ಷದ ಡಿಸೆಂಬರಿನಲ್ಲಿ ಬಾನ್ ನಗರದ ಸಂಧಾನಕ್ಕೆ ಸೋತವರನ್ನು ಕರೆಯಲಿಲ್ಲ. 2020ರ ದೋಹಾ ಒಪ್ಪಂದವು ಅವರೊಡನೆಯೇ ಆಯಿತು. ಆದರೆ ಆಗ ಕಾಬೂಲಿನ ಸರ್ಕಾರವೇ ಅದರಿಂದ ಹೊರಗುಳಿದಿತ್ತು. 2021ರ ಆಗಸ್ಟಿನಲ್ಲಿ ಆ ನಗರವು ಪುನಃ ತಾಲಿಬಾನರ ವಶವಾಯಿತು. ಇರಾಕ್ ಸಿರಿಯಗಳಲ್ಲಿ ‘ಇಸ್ಲಾಮಿಕ್ ಸ್ಟೇಟ್’ ಪಂಥವು ತನ್ನ ನೆಲವನ್ನೆಲ್ಲ 2019ರ ಮಾರ್ಚಿಗೆ ಕಳೆದುಕೊಂಡಿತಾದರೂ ಪಂಥವು ಅಳಿಯಲಿಲ್ಲ.

ಇವುಗಳಿಂದ ಏರ್ಪಡುವ ಸಿದ್ಧಾಂತವೇನೆಂದರೆ: ಕೊಲೆಯನ್ನು ತಡೆಯುವುದಕ್ಕೂ ನೆಲವನ್ನು ಬಿಡಿಸುವುದಕ್ಕೂ ಸೈನ್ಯವು ಸಮರ್ಥವಾದುದು, ಒಮ್ಮೊಮ್ಮೆ ಅನಿವಾರ್ಯವೂ ಹೌದು. ಕಲಹವನ್ನು ತೀರಿಸುವುದಾದರೋ ಅದರಿಂದ ಸಾಧ್ಯವಲ್ಲ. ಅದಕ್ಕೆ ಉಭಯಪಕ್ಷದವರ ಕೈಗಳನ್ನು ಕೂಡಿಸುವ ಅಧಿಕಾರವು ಬೇಕು. ಆ ಅಧಿಕಾರವು ಇಬ್ಬರಿಗೂ ಪರಿಚಿತವಾಗಿದ್ದು, ನಾಳೆಯೂ ಅಲ್ಲಿಯೇ ಇರತಕ್ಕದ್ದಾಗಿರಬೇಕು. ದೂರದಿಂದ ಬಂದು ಮರಳಿ ಹೋಗುವ ಸೈನ್ಯಕ್ಕೆ ಈ ಎರಡು ಲಕ್ಷಣಗಳೂ ಇರುವುದು ದುರ್ಲಭ.