ಧಾರಾವಾಹಿ ಮಾರಾಟ: ಅಧಿಕೃತ ಡಿಸ್ಕೋ, ನಕಲು ಫೈಲೋ?

ಶಂಕರನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಸಂಗ್ರಹಿಸಬಯಸುವ ಗ್ರಾಹಕನಿಗೆ ಪೆನ್‌ಡ್ರೈವ್‌ನಲ್ಲಿ ಫೈಲುಗಳನ್ನು ತುಂಬಿಕೊಡುವುದು ಸುಲಭ. ಆದರೆ ವರ್ತಕರು ಒಂದು ವ್ಯತ್ಯಾಸವನ್ನು ಅಗತ್ಯವಾಗಿ ಗಮನಿಸಬೇಕು.

1957ರ ಕೃತಿಸ್ವಾಮ್ಯ ಕಾಯಿದೆಯ 52ಎ ಕಲಮಿನ ಪ್ರಕಾರ ಅಧಿಕೃತ ಡಿಸ್ಕಿನ ಹೊದಿಕೆಯ ಮೇಲೆ ತಯಾರಕರ ಹಾಗೂ ಹಕ್ಕುದಾರರ ಹೆಸರು, ವಿಳಾಸ ಇರತಕ್ಕದ್ದು. ಖರೀದಿ ಬಿಲ್ಲಿನೊಡನೆ ಅದೇ ನಿಮಗೆ ಆಧಾರ. ಅನುಮತಿಯಿಲ್ಲದೆ ನಕಲಿಸಿದ ಫೈಲಿಗೆ ಇಂತಹ ಆಧಾರವಿಲ್ಲ. ತಿಳಿದೂ ಲಾಭಕ್ಕಾಗಿ ಮಾರಿದವರಿಗೆ 63ನೆಯ ಕಲಮಿನನ್ವಯ 6 ತಿಂಗಳಿನಿಂದ 3 ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆ ದಂಡವನ್ನು ಆದಾಯ ತೆರಿಗೆ ಲೆಕ್ಕದಲ್ಲಿ ವ್ಯಾಪಾರದ ಖರ್ಚೆಂದು ಕಳೆಯಲೂ ಬರುವುದಿಲ್ಲ.

ಫೈಲನ್ನೇ ಮಾರುವುದಾದರೆ ಮೊದಲು ಹಕ್ಕುದಾರರ ಲಿಖಿತ ಪರವಾನಗಿ ಪಡೆದು ಕಡತದಲ್ಲಿರಿಸಿಕೊಳ್ಳಿ.